ಪಕ್ಕೆಯಂಚಿನ ‘ಲಟಕ್’

“ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೆ ಹೋದ್ರೆ ಇಲ್ಲೇನೋ ಲಟಕ್ ಅನ್ನತ್ತೆ ಡಾಕ್ಟ್ರೇ. ಆಮೇಲೆ ಎರಡು ದಿನ ಒಂದೇ ಸಮ ನೋವು.” ಮೈಸೂರು, ಬೆಂಗಳೂರಿನ ಕಡೆಯವರು ಹೀಗೆ ಹೇಳಿದರೆ ಧಾರವಾಡದ ಕಡೆಯವರು “ಪಕ್ಕಿಯೊಳಗ ಚಳಕ್ ಹೊಡೀತೈತ್ರಿ” ಅನ್ನುತ್ತಾರೆ. ಮಾತು ಬೇರೆಯಾದರೂ ಕೈ ಹೋಗುವುದು ಒಂದೇ ಕಡೆಗೆ, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಅಂಚಿಗೆ. ಗ್ಯಾಸ್ ತುಂಬಿದವರು ಅಂಗೈಯನ್ನು ಹೊಟ್ಟೆಯ ಮೇಲೆಲ್ಲ ಆಡಿಸುತ್ತಾರೆ. ಇವರು ಹಾಗಲ್ಲ. ಒಂದೇ ಒಂದು ಬೆರಳನ್ನು ಒಂದೇ ಜಾಗದಲ್ಲಿ ಊರಿ ತೋರಿಸುತ್ತಾರೆ.

ಇಂಥವರ ಜೊತೆಗೆ ಸಾಮಾನ್ಯವಾಗಿ ಒಂದು ದಪ್ಪ ಫೈಲೂ ಬಂದಿರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ, ಇಸಿಜಿ, ಎದೆಯ ಎಕ್ಸ್-ರೇ, ಲಿವರ್ ಟೆಸ್ಟು, ಎಲ್ಲದರ ತುದಿಯಲ್ಲೂ ‘ನಾರ್ಮಲ್’. ಮನೆಯಲ್ಲಿ ಗ್ಯಾಸ್ಟ್ರಿಕ್ ಎಂದು ತೀರ್ಮಾನವಾಗಿ ಓಮಿನ ಕಷಾಯ, ಜೀರಿಗೆ ನೀರು ಮುಗಿದಿರುತ್ತವೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನಡೆದಿರುತ್ತದೆ. ಕೊನೆಗೆ ಯಾರೋ ಒಬ್ಬರು “ಟೆನ್ಷನ್ ಮಾಡ್ಕೋಬೇಡಿ, ಎಲ್ಲಾ ಸರಿ ಇದೆ” ಅಂದಿರುತ್ತಾರೆ. ರೋಗಿ ಹೆಂಗಸಾಗಿದ್ದರೆ ಈ ಮಾತು ಇನ್ನಷ್ಟು ಬೇಗ ಬಂದಿರುತ್ತದೆ. ಹೊಟ್ಟೆಯೊಳಗಿನ ಅಂಗಗಳನ್ನೆಲ್ಲ ಜಾಲಾಡಿಯೂ ಯಾರೂ ಮುಟ್ಟಿ ನೋಡದೆ ಬಿಟ್ಟಿರುವುದು ಆ ಬೆರಳು ತೋರಿಸಿದ ಜಾಗವನ್ನೇ.

ಆ ಜಾಗ ಯಾವುದೆಂದು ನೀವೇ ಮುಟ್ಟಿ ನೋಡಬಹುದು. ಎದೆಯ ನಡುವಿನ ಮೂಳೆ ಮುಗಿಯುವ ಗುಳಿಯಲ್ಲಿ ಬೆರಳಿಟ್ಟು ಎಡಕ್ಕೋ ಬಲಕ್ಕೋ ಕೆಳಮುಖವಾಗಿ ಜಾರಿಸಿ. ಕಮಾನಿನಂತೆ ಇಳಿಯುವ ಒಂದು ಗಟ್ಟಿ ಅಂಚು ಬೆರಳಿಗೆ ಸಿಗುತ್ತದೆ. ಅದು ಒಂದೇ ಮೂಳೆ ಅನ್ನಿಸಿದರೂ ಹಾಗಿಲ್ಲ. ಅಲ್ಲಿರುವುದು ಒಂದರ ಹಿಂದೆ ಒಂದರಂತೆ ಬಂದು ಸೇರಿಕೊಂಡಿರುವ ಮೃದ್ವಸ್ಥಿಗಳ ಸಾಲು. ಮಟನ್ ಚಾಪ್ಸ್ ತಿನ್ನುವವರಿಗೆ ಇದು ಗೊತ್ತಿರುವ ವಸ್ತುವೇ, ಮೂಳೆಯ ತುದಿಯಲ್ಲಿ ಬೆಳ್ಳಗೆ, ಹಲ್ಲಿಗೆ ಕುರುಂ ಎಂದು ಸಿಗುವ ಭಾಗ. ನಮ್ಮ ಪಕ್ಕೆಲುಬುಗಳು 12 ಜೊತೆ. ಮೇಲಿನ 7 ಜೊತೆಗಳಲ್ಲಿ ಒಂದೊಂದಕ್ಕೂ ಎದೆಮೂಳೆಗೆ ಸೇರುವ ಸ್ವಂತ ದಾರಿಯಿದೆ. 8, 9, 10ನೆಯ ಜೊತೆಗಳಿಗೆ ಆ ಭಾಗ್ಯವಿಲ್ಲ. ಅವು ತಂತಮ್ಮ ಮೇಲಿನ ಪಕ್ಕೆಯ ಮೃದ್ವಸ್ಥಿಗೆ ನಾರಿನಂಥ ಅಂಗಾಂಶದಿಂದ ಅಂಟಿಕೊಂಡು ನಿಂತಿವೆ. ಅಂಗರಚನೆಯ ಪುಸ್ತಕಗಳಲ್ಲಿ ಇವುಗಳಿಗೆ ಹುಸಿ ಪಕ್ಕೆಲುಬು ಎಂದೇ ಹೆಸರು. ಕೆಲವರಲ್ಲಿ 10ನೆಯದು ಹುಟ್ಟಿನಿಂದಲೇ ಮೇಲಿನದಕ್ಕೆ ಅಂಟಿರುವುದಿಲ್ಲ. 11 ಮತ್ತು 12ನೆಯವು ಮುಂದೆ ಯಾವುದಕ್ಕೂ ತಗಲಿಕೊಳ್ಳದೆ ಹೊಟ್ಟೆಯ ಸ್ನಾಯುಗಳ ನಡುವೆ ಮುಗಿದುಹೋಗುತ್ತವೆ.

ಈ ಅಂಚಿಗೆ ಬಿಡುವೆಂಬುದೇ ಇಲ್ಲ. ಉಸಿರೆಳೆದಾಗಲೆಲ್ಲ ಕೆಳಗಿನ ಪಕ್ಕೆಗಳು ಹೊರಕ್ಕೂ ಮೇಲಕ್ಕೂ ಏಳುತ್ತವೆ, ದಿನಕ್ಕೆ ಸುಮಾರು 20 ಸಾವಿರ ಸಲ. ಅಂಚಿನ ಒಳಬದಿಯಿಂದ ವಪೆ (ಡಯಾಫ್ರಮ್) ಎಳೆಯುತ್ತದೆ, ಹೊಟ್ಟೆಯನ್ನು ಬಿಗಿಹಿಡಿಯುವ ಸ್ನಾಯುಗಳೂ ಇಲ್ಲಿಗೇ ಬಂದು ಕಚ್ಚಿಕೊಂಡಿವೆ. ಕೆಮ್ಮಿದರೆ, ಸೀನಿದರೆ, ಮಗುವನ್ನು ಸೊಂಟಕ್ಕೆ ಎತ್ತಿಕೊಂಡರೆ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದರೆ ಅಷ್ಟೂ ಎಳೆತ ಇಲ್ಲೇ ಬೀಳುತ್ತದೆ.

ಪಕ್ಕೆಗಳನ್ನು ಒಂದಕ್ಕೊಂದು ಹಿಡಿದಿರುವ ಆ ನಾರು ಸಡಿಲವಾದರೆ ಕೆಳಗಿನ ಪಕ್ಕೆಯ ತುದಿ ಸ್ವತಂತ್ರವಾಗುತ್ತದೆ. ಬಗ್ಗಿದಾಗ, ಹೊರಳಿದಾಗ ಅದು ಮೇಲಕ್ಕೆದ್ದು ಮೇಲಿನ ಪಕ್ಕೆಯ ಹಿಂಬದಿಗೆ ಜಾರಿ ಮತ್ತೆ ತನ್ನ ಜಾಗಕ್ಕೆ ಬಂದು ಬೀಳುತ್ತದೆ. ‘ಲಟಕ್’ ಎನ್ನುವುದು ಇದೇ. ಕೆಲವರಿಗೆ ಅದು ಕಿವಿಗೆ ಕೇಳುತ್ತದೆ, ಹೆಚ್ಚಿನವರಿಗೆ ಬೆರಳಿಗಷ್ಟೇ ಗೊತ್ತಾಗುತ್ತದೆ. ಸುಮ್ಮನೆ ಜಾರಿದರೆ ಅಷ್ಟೊಂದು ನೋಯಬೇಕಿಲ್ಲ. ಆದರೆ ಪ್ರತಿ ಪಕ್ಕೆಯ ಕೆಳಗಂಚಿನ ತೋಡಿನಲ್ಲಿ ಒಂದು ನರ ಸಾಗಿರುತ್ತದೆ. ಜಾರಿದ ತುದಿ ಹೋಗಿ ಉಜ್ಜುವುದು ಆ ನರವನ್ನು. ಹಾಗಾಗಿಯೇ ಮೊದಲು ಚುಚ್ಚಿದಂತೆ ಒಂದು ಚಳಕು, ಆಮೇಲೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಮಂದವಾದ ನೋವು. ವೈದ್ಯರು ಇದಕ್ಕೆ ‘ಸ್ಲಿಪ್ಪಿಂಗ್ ರಿಬ್ ಸಿಂಡ್ರೋಮ್’ ಎನ್ನುತ್ತಾರೆ, ಜಾರುವ ಪಕ್ಕೆಯ ತೊಂದರೆ.

ಎಲ್ಲ ವಯಸ್ಸಿನವರಲ್ಲೂ ಇದನ್ನು ಕಂಡಿದ್ದಾರೆ. ಬಿದ್ದು ಪೆಟ್ಟು ತಿಂದವರು, ಬಹಳ ದಿನ ಕೆಮ್ಮಿದವರು, ಈಜುಗಾರರು, ಹುಟ್ಟಿನಿಂದಲೇ ಕೀಲುಗಳು ಸಡಿಲವಿದ್ದು ಹೆಬ್ಬೆರಳನ್ನು ಮುಂಗೈಗೆ ತಾಗಿಸಬಲ್ಲವರು ಇಂಥವರ ಸಾಲಿನಲ್ಲಿದ್ದಾರೆ. ಯಾವ ಪೆಟ್ಟೂ ನೆನಪಿಲ್ಲದವರೂ ಬೇಕಾದಷ್ಟು ಮಂದಿ. ಕ್ರಿಕೆಟ್ ವರದಿಗಳಲ್ಲಿ ವೇಗದ ಬೌಲರುಗಳಿಗೆ ‘ಸೈಡ್ ಸ್ಟ್ರೇನ್’ ಆಯಿತೆಂದು ಓದುತ್ತೇವಲ್ಲ, ಅದು ಬೇರೆ. ಅಲ್ಲಿ ಹರಿಯುವುದು ಕೆಳಗಿನ ಪಕ್ಕೆಗಳಿಗೆ ಅಂಟಿದ ಓರೆ ಸ್ನಾಯು, ಅದೂ ಸಾಮಾನ್ಯವಾಗಿ ಚೆಂಡೆಸೆಯುವ ಕೈಯ ಎದುರು ಬದಿಯಲ್ಲಿ. ಕೆಲವು ವಾರಗಳ ವಿಶ್ರಾಂತಿಯಲ್ಲಿ ಅದು ಕೂಡಿಕೊಳ್ಳುತ್ತದೆ. ಜಾರುವ ಪಕ್ಕೆ ಹಾಗೆ ತಾನಾಗಿ ಕೂಡಿಕೊಳ್ಳುವುದು ಕಷ್ಟ.

ಹಾಗಾದರೆ ಎಲ್ಲರೂ ಹೊಟ್ಟೆಯನ್ನೇ ಏಕೆ ಶಂಕಿಸುತ್ತಾರೆ? ನೋವು ನಿಜವಾಗಿಯೂ ಹೊಟ್ಟೆಗೆ ಬರುತ್ತದೆ, ಅದಕ್ಕೆ. 7ರಿಂದ 11ರವರೆಗಿನ ಪಕ್ಕೆಗಳ ನರಗಳು ಎದೆಗೂಡಿನಲ್ಲೇ ನಿಲ್ಲದೆ ಅಂಚು ದಾಟಿ ಹೊಟ್ಟೆಯ ಗೋಡೆಗೆ ಇಳಿಯುತ್ತವೆ. 10ನೆಯ ಪಕ್ಕೆಯ ನರದ ವ್ಯಾಪ್ತಿ ಹೊಕ್ಕುಳಿನವರೆಗೂ ಇದೆ. ಅಂಚಿನಲ್ಲಿ ನರವನ್ನು ಉಜ್ಜಿದರೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಕೆಲವರಿಗೆ ಹಿಂದೆ ಬೆನ್ನಿನಲ್ಲೂ ನೋವು. ಇನ್ನೊಂದು ತೊಡಕು ಬೆನ್ನುಹುರಿಯಲ್ಲಿದೆ. ಜಠರ, ಪಿತ್ತಕೋಶಗಳಿಂದ ಬರುವ ಸಂದೇಶಗಳೂ ಈ ಪಕ್ಕೆನರಗಳ ಸಂದೇಶಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಮಟ್ಟಗಳಲ್ಲಿ ಒಳಹೋಗುತ್ತವೆ. ಗೋಡೆಯ ನೋವು ಯಾವುದು, ಗೋಡೆಯೊಳಗಿನ ಅಂಗದ ನೋವು ಯಾವುದು ಎಂದು ಬೇರೆ ಮಾಡಿ ತಿಳಿಯುವುದು ಮಿದುಳಿಗೇ ಸುಲಭವಲ್ಲ. ವಾಕರಿಕೆ ಬೇರೆ ಸೇರಿಕೊಂಡರೆ ಮುಗಿಯಿತು, ನೇರ ಎಂಡೋಸ್ಕೋಪಿ ಕೊಠಡಿಗೆ.

ಇದು ಹೊಸ ಗೊಂದಲವೇನಲ್ಲ. ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಎಡ್ಗರ್ ಸಿರಿಯಾಕ್ಸ್ 1919ರಲ್ಲಿ ಬರೆದ ಲೇಖನದ ವಿಷಯವೇ ಒಳಾಂಗಗಳ ಕಾಯಿಲೆಯ ವೇಷ ಹಾಕಿಕೊಂಡು ಬರುವ ನೋವುಗಳು. ಪಕ್ಕೆಯಂಚಿನ ಈ ತೊಂದರೆಯ ಮೊದಲ ವಿವರಣೆಯೆಂದು ವೈದ್ಯರು ಅದನ್ನೇ ಹೆಸರಿಸುತ್ತಾರೆ. ಮೂರು ವರ್ಷ ಕಳೆದು, 1922ರಲ್ಲಿ, ಅದೇ ಊರಿನ ಗೈಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ರಾಬರ್ಟ್ ಡೇವಿಸ್-ಕಾಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ‘ಸ್ಲಿಪ್ಪಿಂಗ್ ರಿಬ್’ ಎಂಬ ಹೆಸರಿನಲ್ಲೇ ಬರೆದ. ನೂರು ವರ್ಷದ ಹಿಂದೆಯೇ ಹೆಸರು ಸಿಕ್ಕ ಕಾಯಿಲೆಯನ್ನು ಇವತ್ತಿಗೂ ‘ಕಾರಣ ಗೊತ್ತಿಲ್ಲದ ನೋವು’ ಎಂದು ಬರೆದು ಕಳಿಸುತ್ತಿದ್ದೇವೆ ಎನ್ನುವುದು ನನಗೆ ಸ್ವಲ್ಪ ಸೋಜಿಗವೇ.

ಈ ಗೊಂದಲದ ಬಿಸಿ ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಪಿತ್ತಕೋಶಕ್ಕೆ. ಬಲಪಕ್ಕೆಯಲ್ಲಿ ನೋವು ಎಂದು ಸ್ಕ್ಯಾನ್ ಮಾಡಿಸುತ್ತಾರೆ, ಪಿತ್ತಕೋಶದಲ್ಲಿ ಎರಡು ಕಲ್ಲು ಕಾಣುತ್ತವೆ. ಕಾರಣ ಸಿಕ್ಕಿತು ಎಂದು ಎಲ್ಲರಿಗೂ ಸಮಾಧಾನ. ಆದರೆ ಪಿತ್ತಕೋಶದಲ್ಲಿ ಕಲ್ಲಿರುವವರಲ್ಲಿ ಬಹುಪಾಲು ಜನಕ್ಕೆ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ. ಕಲ್ಲು ಇರುವುದೂ ನೋವು ಇರುವುದೂ ಎರಡು ಬೇರೆ ಸಂಗತಿಗಳಾಗಿರಬಹುದು. ಪಿತ್ತಕೋಶದ ನೋವಿಗೆ ಅದರದೇ ನಡವಳಿಕೆಯಿದೆ. ಹೆಚ್ಚಾಗಿ ಊಟವಾದ ಮೇಲೆ, ಅದರಲ್ಲೂ ರಾತ್ರಿ ಹೊತ್ತು, ಏರುತ್ತಾ ಬಂದು ಅರ್ಧ ಗಂಟೆಯಿಂದ ಕೆಲವು ಗಂಟೆ ಬಿಡದೆ ಕಾಡಿ ಇಳಿಯುತ್ತದೆ. ಮಗ್ಗುಲು ಬದಲಿಸಿದರೆ ಅದು ಕಡಿಮೆಯಾಗುವುದೂ ಇಲ್ಲ, ಹೆಚ್ಚಾಗುವುದೂ ಇಲ್ಲ. ಮಗ್ಗುಲು ಬದಲಿಸಿದ್ದಕ್ಕೇ ಬರುವ ನೋವಿಗೆ ಪಿತ್ತಕೋಶ ತೆಗೆಸಿದರೆ ಪಿತ್ತಕೋಶ ಹೋಗುತ್ತದೆ, ನೋವು ಮನೆಗೆ ವಾಪಸು ಬರುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲವಲ್ಲ ಎಂದು ಕೇಳಬಹುದು. ಸ್ಕ್ಯಾನಿಂಗ್ ಕೊಠಡಿಯಲ್ಲಿ ಏನಾಗುತ್ತದೆ ನೆನಪಿಸಿಕೊಳ್ಳಿ. ತಣ್ಣನೆಯ ಜೆಲ್ ಹಚ್ಚಿ, ಅಂಗಾತ ಮಲಗಿಸಿ, “ಉಸಿರು ಎಳ್ಕೊಳ್ಳಿ… ಹಾಗೇ ಹಿಡ್ಕೊಳ್ಳಿ… ಅಲ್ಲಾಡಬೇಡಿ” ಎನ್ನುತ್ತಾರೆ. ಲಿವರ್, ಪಿತ್ತಕೋಶ ಸ್ಪಷ್ಟವಾಗಿ ಕಾಣಲು ಅದು ಬೇಕೇ ಬೇಕು. ಆದರೆ ಅಲ್ಲಾಡಿದಾಗ ಮಾತ್ರ ಇರುವ ತೊಂದರೆ ಅಲ್ಲಾಡದೆ ಮಲಗಿದವರಲ್ಲಿ ಎಲ್ಲಿ ಕಾಣಬೇಕು? ಸಿ.ಟಿ. ಯಂತ್ರದೊಳಗೂ ಇದೇ ಕಥೆ. ಎಕ್ಸ್-ರೇಗಂತೂ ಸುಣ್ಣ ಕಟ್ಟದ ಮೃದ್ವಸ್ಥಿ ಕಾಣುವುದೇ ಇಲ್ಲ. ಅದರಲ್ಲಿ ಪಕ್ಕೆಲುಬು ಗಾಳಿಯಲ್ಲಿ ಮುಗಿದಂತಿರುತ್ತದೆ. ಯಂತ್ರಗಳನ್ನು ದೂರಿ ಪ್ರಯೋಜನವಿಲ್ಲ, ಕೇಳಿದ ಪ್ರಶ್ನೆಗೆ ಅವು ಸರಿಯಾದ ಉತ್ತರವನ್ನೇ ಕೊಟ್ಟಿರುತ್ತವೆ. ಅದೇ ಅಲ್ಟ್ರಾಸೌಂಡ್ ಸಾಧನವನ್ನು ಪಕ್ಕೆಯಂಚಿನ ಮೇಲಿಟ್ಟು, ಕೆಮ್ಮಲು, ಹೊಟ್ಟೆ ಬಿಗಿಹಿಡಿಯಲು, ತಲೆಯೆತ್ತಿ ಅರ್ಧ ಏಳಲು ಹೇಳಿದರೆ ಪಕ್ಕೆ ಜಾರುವುದು ಪರದೆಯ ಮೇಲೇ ಕಾಣುತ್ತದೆ. ಅಮೆರಿಕದ ವೈದ್ಯರು 2019ರಲ್ಲಿ ಈ ‘ಡೈನಾಮಿಕ್ ಅಲ್ಟ್ರಾಸೌಂಡ್’ ಎಷ್ಟು ನಂಬಿಕೆಗೆ ಅರ್ಹ ಎಂದು ಪ್ರಕಟಿಸಿದ ಮೇಲೆ ಅದಕ್ಕೆ ಬೆಲೆ ಬಂದಿದೆ. ಆದರೆ ಏನನ್ನು ಹುಡುಕಬೇಕೆಂದು ಚೀಟಿಯಲ್ಲಿ ಬರೆದು ಕಳಿಸುವವರೊಬ್ಬರು ಬೇಕು.

ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚೇ ಇಲ್ಲ. ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ರೋಗಿ ಅಂಗಾತ ಮಲಗಿ ಮಂಡಿ ಮಡಿಸುತ್ತಾರೆ, ಹೊಟ್ಟೆ ಸಡಿಲವಾಗುತ್ತದೆ. ವೈದ್ಯರು ನಾಲ್ಕು ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಪಕ್ಕೆಯಂಚಿನ ಕೆಳಗೆ ಮೆಲ್ಲಗೆ ತೂರಿಸುತ್ತಾರೆ. ಒಂದೆರಡು ಉಸಿರು ಕಾಯುತ್ತಾರೆ. ಆಮೇಲೆ ಅಂಚನ್ನು ಮುಂದಕ್ಕೂ ಮೇಲಕ್ಕೂ ಎಳೆಯುತ್ತಾರೆ. ಪಕ್ಕೆ ಜಾರುತ್ತಿದ್ದರೆ ಬೆರಳಿನಡಿಯಲ್ಲೇ ‘ಲಟಕ್’. ಜೊತೆಗೆ ರೋಗಿಯ ಮುಖ ಕಿವುಚಿಕೊಳ್ಳುತ್ತದೆ, “ಹ್ಞಾ, ಇದೇ, ಇದೇ ನೋವು!” ಎಂಬ ಮಾತು ಬರುತ್ತದೆ. ಇಲ್ಲಿ ‘ಇದೇ’ ಎನ್ನುವುದು ಮುಖ್ಯ. ಪಕ್ಕೆಯಂಚನ್ನು ಬಲವಾಗಿ ಎಳೆದರೆ ಯಾರಿಗಾದರೂ ನೋಯುತ್ತದೆ. ಪರೀಕ್ಷೆ ಹೌದೆನ್ನಬೇಕಾದರೆ ತಿಂಗಳುಗಳಿಂದ ಕಾಡಿದ ಅದೇ ನೋವು ಮರಳಬೇಕು, ಇನ್ನೊಂದು ಬದಿಯಲ್ಲಿ ಮಾಡಿದಾಗ ಬರಬಾರದು. ಕೊಕ್ಕೆ ಹಾಕುವ ಈ ವಿಧಾನವನ್ನು ಹೈನ್ಜ್ ಮತ್ತು ಜವಾಲಾ ಎಂಬ ಅಮೆರಿಕದ ವೈದ್ಯರು 1977ರಲ್ಲಿ ಬರೆದು ಬಳಕೆಗೆ ತಂದರು. ಓದಿದ ಕೂಡಲೇ ಮನೆಯಲ್ಲಿ ಒಬ್ಬರ ಪಕ್ಕೆ ಇನ್ನೊಬ್ಬರು ಎಳೆಯಲು ಹೋಗಬೇಡಿ. ಕೆರಳಿದ ನರ ಇನ್ನಷ್ಟು ಕೆರಳುತ್ತದೆ.

ಇದಕ್ಕೆ ಜೊತೆಯಾಗಿ ಇನ್ನೂ ಹಳೆಯದೊಂದು ಪರೀಕ್ಷೆಯಿದೆ. ಫಿಲಡೆಲ್ಫಿಯಾದ ಶಸ್ತ್ರಚಿಕಿತ್ಸಕ ಕಾರ್ನೆಟ್ 1926ರಲ್ಲಿ ಹೇಳಿಕೊಟ್ಟದ್ದು. ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ರೋಗಿಗೆ ತಲೆ ಮತ್ತು ಭುಜ ಎತ್ತಲು ಹೇಳಬೇಕು. ಹೊಟ್ಟೆಯ ಸ್ನಾಯು ಗಟ್ಟಿಯಾದಾಗ ಒಳಗಿನ ಅಂಗಗಳಿಗೆ ರಕ್ಷಣೆ ಸಿಗುತ್ತದೆ, ಹಾಗಾಗಿ ಅಂಗದ ನೋವು ತಗ್ಗುತ್ತದೆ. ನೋವು ಹಾಗೇ ಉಳಿದರೆ ಅಥವಾ ಹೆಚ್ಚಿದರೆ ಅದು ಗೋಡೆಯದು. ಅರ್ಧ ನಿಮಿಷದ ಕೆಲಸ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಆ ಅರ್ಧ ನಿಮಿಷಕ್ಕೂ ರೋಗಿಯನ್ನು ಮಲಗಿಸುವಷ್ಟು ಪುರಸೊತ್ತು ಇರುವುದಿಲ್ಲ. ಕುರ್ಚಿಯಲ್ಲಿ ಕೂತಂತೆಯೇ ಹೇಳಿಸಿಕೊಂಡು ಸ್ಕ್ಯಾನಿಂಗಿಗೆ ಬರೆದುಕೊಡುವುದು ಬೇಗ ಮುಗಿಯುತ್ತದೆ. ಹೊರಗೆ ಕಾದಿರುವ ಸಾಲನ್ನು ನೋಡಿದರೆ ವೈದ್ಯರನ್ನು ಪೂರ್ತಿ ದೂರಲೂ ಆಗುವುದಿಲ್ಲ.

ಮುಟ್ಟಿದರೆ ನೋಯುವುದೆಲ್ಲ ಪಕ್ಕೆಯದೇ ಎಂದುಕೊಂಡರೆ ಅದು ಇನ್ನೂ ದೊಡ್ಡ ಅಪಾಯ. ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಲಿವರ್‌ನಲ್ಲಿ ಕೀವುಗಟ್ಟುವುದು. ಅಮೀಬಾದಿಂದ ಬರುವ ಈ ಬಾವಿನಲ್ಲಿ ಬಲಪಕ್ಕೆಗಳ ಸಂದಿನಲ್ಲಿ ಬೆರಳೂರಿದರೆ ರೋಗಿ ಹೌಹಾರುತ್ತಾನೆ. ಆದರೆ ಜೊತೆಗೆ ಜ್ವರ, ಬೆವರು, ಊಟ ಸೇರದಿರುವುದು ಇರುತ್ತದೆ. ಬೈಕಿನಿಂದ ಬಿದ್ದು ಎಡಪಕ್ಕೆಗೆ ಪೆಟ್ಟಾಗಿ, ಎಡಭುಜವೂ ನೋಯುತ್ತಾ ತಲೆಸುತ್ತು ಬಂದರೆ ಪಕ್ಕೆಯ ಹಿಂದಿರುವ ಗುಲ್ಮ (ಸ್ಪ್ಲೀನ್) ಒಡೆದಿರಬಹುದು, ಅದು ಪ್ರಾಣಕ್ಕೆ ಬರುವ ವಿಷಯ. ಬಸುರಿಯರಿಗೆ 20 ವಾರ ದಾಟಿದ ಮೇಲೆ ಬಲಪಕ್ಕೆಯ ಕೆಳಗೆ ನೋವು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಕಾಣಿಸಿದರೆ ಅದು ರಕ್ತದೊತ್ತಡ ಏರಿದ್ದರ ಸೂಚನೆಯಾಗಿರಬಹುದು. ಮಗು ಒದೆಯುತ್ತಿದೆ ಎಂದು ಮನೆಯಲ್ಲಿ ಕೂರಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೇ ಬದಿಯಲ್ಲಿ ಪಟ್ಟಿಯಂತೆ ಉರಿ ಶುರುವಾಗಿ ಕೆಲವು ದಿನಕ್ಕೆ ಗುಳ್ಳೆ ಎದ್ದರೆ ಸರ್ಪಸುತ್ತು. ಉಸಿರೆಳೆದಾಗ ಚುಚ್ಚುವ ನೋವಿನ ಜೊತೆ ಜ್ವರ, ಕೆಮ್ಮು, ಏದುಸಿರು ಇದ್ದರೆ ಶ್ವಾಸಕೋಶವನ್ನು ನೋಡಬೇಕು. ಹೃದಯಾಘಾತದಲ್ಲೂ ಕೆಲವರಿಗೆ ನೋವು ಮೇಲ್ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ನಡೆದರೆ ಹೆಚ್ಚುವ, ಬೆವರು ತರಿಸುವ, ಒತ್ತಿದ ಜಾಗಕ್ಕೆ ಸಂಬಂಧವೇ ಇಲ್ಲದ ನೋವಾದರೆ ಇಸಿಜಿಯೇ ಮೊದಲು. ತೂಕ ಇಳಿಯುವುದು, ಕಾಮಾಲೆ, ಮಲ ಕಪ್ಪಗಾಗುವುದು ಇವು ಯಾವುವೂ ಪಕ್ಕೆಯ ಲಕ್ಷಣಗಳಲ್ಲ. ಹಾಗಾಗಿ ಆ ದಪ್ಪ ಫೈಲು ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಂದೆರಡು ಪರೀಕ್ಷೆ ಬೇಕಾಗಿದ್ದವೇ, ಅವೇ ಪರೀಕ್ಷೆಗಳನ್ನು ಮೂರನೆಯ ಸಲ ಮಾಡಿಸಿದ್ದು ವ್ಯರ್ಥ.

ನೋವಿಲ್ಲದೆ ಬರೀ ಸದ್ದಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮೃದ್ವಸ್ಥಿಗಳು ಒಂದನ್ನೊಂದು ಮುಟ್ಟುವ ಕಡೆ ಪುಟ್ಟ ಕೀಲುಗಳಿವೆ. ಉಳಿದ ಕೀಲುಗಳ ಹಾಗೆ ಅವೂ ಲಟಿಕೆ ಮುರಿಯುತ್ತವೆ.

ಇದೇ ತೊಂದರೆ ಎಂದು ಗೊತ್ತಾದ ಮೇಲಿನ ದಾರಿಯಲ್ಲಿ ಔಷಧಿಗಿಂತ ಮೊದಲು ಬರುವುದು ತಿಳಿವಳಿಕೆ. ಬ್ರಿಟನ್ನಿನಲ್ಲಿ 1993ರಲ್ಲಿ ಪ್ರಕಟವಾದ, ಪಕ್ಕೆನೋವಿನ 76 ರೋಗಿಗಳ ಅಧ್ಯಯನವೊಂದಿದೆ. ಎದೆಯ ಕೆಳಭಾಗದಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ನೋವು, ಅಂಚಿನ ಮೇಲೆ ಮುಟ್ಟಿದರೆ ನೋಯುವ ಒಂದು ಬಿಂದು, ಅಲ್ಲಿ ಒತ್ತಿದರೆ ಅದೇ ನೋವು ಮರಳುವುದು, ಈ ಮೂರರಿಂದಲೇ ಅದನ್ನು ಗುರುತಿಸಬಹುದೆಂದು ಅದು ಹೇಳಿತು. ಮುಂದೆ ವಿಚಾರಿಸಿದಾಗ ಹೆಚ್ಚಿನವರ ನೋವು ಹೋಗಿರಲಿಲ್ಲ, ಆದರೂ ಅದರ ಜೊತೆ ಬದುಕುವುದನ್ನು ಕಲಿತಿದ್ದರು. ಕ್ಯಾನ್ಸರ್ ಇರಬಹುದೇ, ಹಾರ್ಟ್ ಇರಬಹುದೇ ಎಂಬ ಅಂಜಿಕೆ ಕಳೆದರೆ ಅರ್ಧ ಭಾರ ಇಳಿಯುತ್ತದೆ. ಅದರ ಮೇಲೆ, ಪಕ್ಕೆ ಜಾರಿಸುವ ಭಂಗಿ ಯಾವುದೆಂದು ಗಮನಿಸಿ ಕೆಲಕಾಲ ತಪ್ಪಿಸುವುದು, ಕೆಮ್ಮಿದ್ದರೆ ಅದಕ್ಕೆ ಔಷಧಿ, ಫಿಸಿಯೊಥೆರಪಿ, ವೈದ್ಯರು ಹೇಳಿದಷ್ಟು ದಿನ ನೋವಿನ ಮಾತ್ರೆ. ಇವು ಸಾಲದಿದ್ದಾಗ ಆ ಪಕ್ಕೆಯ ನರದ ಬಳಿ ಮರಗಟ್ಟಿಸುವ ಔಷಧಿಯ ಚುಚ್ಚುಮದ್ದು ಕೊಡುತ್ತಾರೆ. ಅದರಿಂದ ಎರಡು ಉಪಯೋಗ: ನೋವು ತಗ್ಗುತ್ತದೆ, ತಗ್ಗಿದರೆ ನೋವಿನ ಮೂಲ ಅಲ್ಲೇ ಎಂಬುದೂ ಖಚಿತವಾಗುತ್ತದೆ.

ನಮ್ಮಲ್ಲಿ ಪಕ್ಕೆ ಎಂದ ಕೂಡಲೇ ಪಟ್ಟು ಹಾಕಿಸುವವರಿದ್ದಾರೆ. ನಾಟಿ ಮೂಳೆವೈದ್ಯದ ಪುತ್ತೂರು ಕಟ್ಟಿಗೆ ಹೋಗಿ ಬಂದವರನ್ನು ಕೇಳಿ, ಎದೆಯ ಸುತ್ತ ಬಿಗಿದ ಬಟ್ಟೆಯ ಕಥೆ ಹೇಳುತ್ತಾರೆ. ಕೈಕಾಲಿನ ಮಾತು ಬೇರೆ, ಪಕ್ಕೆಗೆ ಬಿಗಿಯಾದ ಕಟ್ಟು ಬೇಡ. ಮುರಿದ ಪಕ್ಕೆಗೂ ಎದೆಯ ಸುತ್ತ ಪಟ್ಟಿ ಬಿಗಿಯುವುದನ್ನು ಆಸ್ಪತ್ರೆಗಳು ಬಿಟ್ಟು ಬಹಳ ಕಾಲವಾಯಿತು. ಹಾಗೆ ಬಿಗಿದರೆ ಉಸಿರು ಮೇಲುಮೇಲಕ್ಕೆ ಆಡಿ, ಕಫ ನಿಂತು, ನ್ಯುಮೋನಿಯಾ ಬರಬಹುದು.

ಏನು ಮಾಡಿದರೂ ಬಗ್ಗದ ನೋವು ಕೆಲಸ, ನಿದ್ದೆ ಎರಡನ್ನೂ ಕೆಡಿಸಿರುವ ಕೆಲವರಿಗೆ ಶಸ್ತ್ರಚಿಕಿತ್ಸೆ ಉಳಿಯುತ್ತದೆ. ಜಾರುವ ಮೃದ್ವಸ್ಥಿಯ ತುಂಡನ್ನು ಕತ್ತರಿಸಿ ತೆಗೆಯುವುದು ಹಳೆಯ ಪದ್ಧತಿ. ಅದರಿಂದ ಗುಣವಾದವರಿದ್ದಾರೆ, ಉಳಿದ ತುದಿ ಮತ್ತೆ ಜಾರಿ ಎರಡನೆಯ ಸಲ ಮೇಜಿನ ಮೇಲೆ ಮಲಗಿದವರೂ ಇದ್ದಾರೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಆಡಮ್ ಹ್ಯಾನ್ಸನ್ 2020ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಏನನ್ನೂ ತೆಗೆಯುವುದಿಲ್ಲ. ಸಣ್ಣ ಗಾಯ ಮಾಡಿ, ಜಾರುವ ಪಕ್ಕೆಯನ್ನು ಮೇಲಿನ ಪಕ್ಕೆಗೆ ದಾರದಿಂದ ಹೊಲಿದು ನಿಲ್ಲಿಸುತ್ತಾರೆ. ಪಕ್ಕೆಗಳ ನಡುವೆ ತಟ್ಟೆಯಂಥ ಆಸರೆ ಕೂರಿಸುವ ಶಸ್ತ್ರಚಿಕಿತ್ಸಕರೂ ಇದ್ದಾರೆ. ಹತ್ತಿಪ್ಪತ್ತು ವರ್ಷದ ಫಲಿತಾಂಶ ಕೇಳುವಷ್ಟು ಹಳೆಯ ವಿಧಾನಗಳಲ್ಲ ಇವು, ಆದ್ದರಿಂದ ಅವಸರ ಪಡದಿರುವುದೇ ವಾಸಿ.

ಅಷ್ಟು ದೂರ ಹೋಗುವ ಮೊದಲು ನಮ್ಮ ಜನಕ್ಕಿರುವ ಕಷ್ಟ ಇನ್ನೂ ಸಾದಾ ಆದದ್ದು. ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಯಾವ ವಿಭಾಗಕ್ಕೆ ಮಾಡಿಸಬೇಕು? ಹೊಟ್ಟೆಯವರು ಎದೆಗೆ ಕಳಿಸುತ್ತಾರೆ, ಎದೆಯವರು ಮೂಳೆಗೆ, ಮೂಳೆಯವರು ಎಕ್ಸ್-ರೇ ನೋಡಿ ಮತ್ತೆ ಹೊಟ್ಟೆಗೆ. ಅಪಾಯದ ಕಾರಣಗಳು ಒಮ್ಮೆ ಇಲ್ಲವೆಂದಾದ ಮೇಲೆ ಜನರಲ್ ಸರ್ಜರಿಗೋ, ಫಿಸಿಕಲ್ ಮೆಡಿಸಿನ್ ವಿಭಾಗವಿದ್ದರೆ ಅಲ್ಲಿಗೋ, ನೋವಿನ ಕ್ಲಿನಿಕ್ಕಿಗೋ ಹೋಗಬಹುದು. ಅಲ್ಲಿ ‘ಗ್ಯಾಸ್ಟ್ರಿಕ್’ ಎಂದು ಮಾತು ಶುರುಮಾಡದೆ, ಏನು ಮಾಡಿದಾಗ ಬರುತ್ತದೆ, ಯಾವ ಬಿಂದುವಿನಲ್ಲಿ ಬರುತ್ತದೆ, ಲಟಕ್ ಎನ್ನುತ್ತದೆಯೇ, ಇಷ್ಟನ್ನು ಮೊದಲು ಹೇಳಿ. ಬೆರಳಿಟ್ಟು ತೋರಿಸಿ, “ಇಲ್ಲಿ ಒಂದ್ಸಲ ಒತ್ತಿ ನೋಡ್ತೀರಾ ಸರ್?” ಎಂದು ಕೇಳಿ. ಮುಜುಗರ ಪಡಬೇಕಾದ್ದೇನಿಲ್ಲ.